ಬಾಗಿಲ ಮೇಲಿನ ಕೆಂಪು ಗೀರು

ಸೋಮವಾರ ಬೆಳಿಗ್ಗೆ ಮಿರೇಯಾ ತಟ್ಟೆಯಲ್ಲಿದ್ದ ರೊಟ್ಟಿಯನ್ನು ಮುರಿದು ಮುರಿದು ಪುಡಿ ಮಾಡಿದಳೇ ಹೊರತು ಒಂದು ಚೂರೂ ಬಾಯಿಗೆ ಹಾಕಿಕೊಳ್ಳಲಿಲ್ಲ. ತಾಯಿ ತೊಮಾಸಾ ಒಲೆಯ ಪಕ್ಕ ನಿಂತು ಅದನ್ನೇ ನೋಡುತ್ತಿದ್ದಳು. ತಾಯಿಗೆ ಎಂಬತ್ತೊಂದು, ಮಗಳಿಗೆ ಅರವತ್ತೆರಡು. ಮಗಳು ವೈದ್ಯಕೀಯ ಕಾಲೇಜಿನ ಪ್ರೊಫೆಸರು. ಆದರೂ ಊಟದ ಮೇಲೆ ಸಿಟ್ಟು ತೀರಿಸಿಕೊಳ್ಳುವ ಚಾಳಿ ಇನ್ನೂ ಹೋಗಿರಲಿಲ್ಲ.

"ಕಾಳು ಸೀದಿದ್ಯಾ?"

"ಇಲ್ಲಮ್ಮ."

"ಮತ್ತೆ ರೊಟ್ಟಿ ಏನು ಮಾಡ್ತು ನಿನಗೆ?"

"ಡೀನ್ ನನ್ನ ಆರು ವಾರಾನೇ ಕಿತ್ತು ಹಾಕಬೇಕು ಅಂತಿದಾನೆ."

ಆರು ವಾರ ಎಂದರೆ ಆ ಮನೆಯಲ್ಲಿ ಬಿಡಿಸಿ ಹೇಳಬೇಕಾಗಿರಲಿಲ್ಲ. ಮೂವತ್ತೊಂದು ವರ್ಷದಿಂದ ನಾಲ್ಕನೇ ವರ್ಷದ ವಿದ್ಯಾರ್ಥಿಗಳು ಆರು ವಾರ ಆಸ್ಪತ್ರೆ ಬಿಟ್ಟು ತೆಗುಸಿಗಾಲ್ಪಾ ನಗರದ ಗುಡ್ಡದ ಬಡಾವಣೆಗಳನ್ನು ಹತ್ತುತ್ತಿದ್ದರು. ಮನೆಮನೆಗೂ ಹೋಗಿ, ಫಾರಂ ತುಂಬಿ, ಅಂಗಳದ ನೀರಿನ ತೊಟ್ಟಿಯೊಳಗೆ ಟಾರ್ಚ್ ಬಿಟ್ಟು ನೋಡುತ್ತಿದ್ದರು. ಸೊಳ್ಳೆಮರಿ ಕಂಡರೆ ಬಾಗಿಲ ಮೇಲೆ ಕೆಂಪು ಸೀಮೆಸುಣ್ಣದಲ್ಲಿ ಒಂದು ಗೀರು, ಕಾಣದಿದ್ದರೆ ಹಸಿರು. ಇದನ್ನು ಶುರು ಮಾಡಿದವಳು ಮಿರೇಯಾ. ಈಗ ಡೀನ್ ಆಗಿರುವ ಎರ್ನಾನ್ ಲಾಗೋಸ್ ಕೂಡ ಅವಳ ಹತ್ತಿರ ಕಲಿಯುವಾಗ ಈ ಗುಡ್ಡ ಹತ್ತಿದವನೇ.

"ಅದರ ಬದಲು ಚಿತ್ರ ತೋರಿಸಿ ಎರಡು ಪಾಠ ಮಾಡಿದ್ರೆ ಸಾಕಂತೆ. ಇನ್ನು ಎರಡೂವರೆ ವಾರಕ್ಕೆ, ಗುರುವಾರ, ಕಾಲೇಜು ಕೌನ್ಸಿಲ್ ಸೇರಿ ಮತ ಹಾಕತ್ತೆ."

"ಒಳ್ಳೇದೇ ಆಯ್ತು ಬಿಡು. ಇನ್ನಾದ್ರೂ ಒಂದು ಕ್ಲಿನಿಕ್ ತೆಗಿ. ಬಾಗಿಲಿಗೆ ನಿನ್ನ ಹೆಸರಿನ ಹಿತ್ತಾಳೆ ಹಲಗೆ ಹಾಕಿಸು. ನಾನು ಸಾಯೋದ್ರೊಳಗೆ ಒಂದು ಸಲ ಅದನ್ನ ಒರೆಸಬೇಕು."

ಈ ಹಲಗೆಯ ಮಾತು ಹಳೆಯದು. ತೊಮಾಸಾ ಇಪ್ಪತ್ತಾರು ವರ್ಷ ಹದಿಮೂರು ಮನೆಗಳ ಬಟ್ಟೆ ಒಗೆದವಳು. ಅಂಗಳದ ಸಿಮೆಂಟ್ ತೊಟ್ಟಿ ಮತ್ತು ಅದಕ್ಕೆ ಅಂಟಿಕೊಂಡ ಒಗೆಯುವ ಕಲ್ಲಿನ ಮುಂದೆ ನಿಂತೇ ಮಗಳನ್ನು ಡಾಕ್ಟರು ಮಾಡಿದಳು. ಮಿರೇಯಾ ಅದೇ ಕಲ್ಲಿನ ಅಂಚಿನಲ್ಲಿ ಪುಸ್ತಕ ಇಟ್ಟುಕೊಂಡು, ನೊರೆ ಸಿಡಿದ ಹಾಳೆಗಳಲ್ಲಿ ಮೂಳೆಗಳ ಹೆಸರು ಬಾಯಿಪಾಠ ಮಾಡಿದ್ದಳು. ಓದು ಮುಗಿಸಿ ಮಕ್ಕಳ ವಾರ್ಡಿಗೆ ಹೋದಳು. ಅಲ್ಲಿ ಒಂದು ಮಳೆಗಾಲ ಡೆಂಗಿ ಜ್ವರದ ಮಕ್ಕಳು ಮಂಚಕ್ಕೆ ಮೂವರಂತೆ ಬಂದು ಮಲಗಿದರು. ಎಲ್ಲರೂ ಎದ್ದು ಮನೆಗೆ ಹೋಗಲಿಲ್ಲ. ಮಳೆ ನಿಂತ ಮೇಲೆ ಮಿರೇಯಾ ವಾರ್ಡ್ ಬಿಟ್ಟು ಕಾಲೇಜು ಸೇರಿದಳು. ಬಂದವರಿಗೆ ಬಾಟಲಿ ಏರಿಸುವವರು ಬೇಕಾದಷ್ಟು ಜನ ಇದ್ದಾರೆ, ಬರದ ಹಾಗೆ ನೋಡಿಕೊಳ್ಳುವವರು ಬೇಕು ಎಂದಳು. ಹಾಗೆ ನೋಡಿಕೊಳ್ಳುವುದು ಎಂದರೆ ಏನು ಎಂದು ತಾಯಿ ಕೇಳಿದಾಗ ತೊಟ್ಟಿ ತಿಕ್ಕುವುದು ಎಂದು ತಿಳಿಯಿತು. ಅವತ್ತಿನಿಂದ ತೊಮಾಸಾಗೆ ಸಮಾಧಾನವಿಲ್ಲ.

"ನೀನು ತೊಟ್ಟಿ ತಿಕ್ಕೋದು ಬೇಡ ಅಂತ ನಾನು ತಿಕ್ಕಿದೆ. ನೀನು ಹೋಗಿ ಡಾಕ್ಟರುಗಳಿಗೇ ತಿಕ್ಕೋದು ಕಲಿಸಿದೆ. ಇದನ್ನ ಅಕ್ಕಪಕ್ಕದವರಿಗೆ ಯಾವ ಬಾಯಲ್ಲಿ ಹೇಳಲಿ?"

"ಹೇಳಬೇಡ. ಕ್ಲಿನಿಕ್ಕೂ ತೆಗೆಯಲ್ಲ, ಆರು ವಾರಾನೂ ಬಿಡಲ್ಲ," ಎಂದು ಮಿರೇಯಾ ಫಾರಂಗಳ ಕಟ್ಟನ್ನು ಚೀಲಕ್ಕೆ ತುರುಕಿದಳು.

ಅವಳ ಗಂಡ ತುಲಿಯೊ ಶಾಲಾ ಬಸ್ಸಿನ ಡ್ರೈವರು. ಇವರಿಬ್ಬರ ಜಗಳದಲ್ಲಿ ಯಾರ ಕಡೆ ಸೇರಿದರೂ ಊಟ ಕೆಡುತ್ತದೆಂದು ಮದುವೆಯಾದ ವರ್ಷವೇ ಕಂಡುಕೊಂಡಿದ್ದ. ಪುಡಿಯಾದ ರೊಟ್ಟಿಯ ತಟ್ಟೆಯನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡು ತಿಂದು ಮುಗಿಸಿ ಹೊರಟ.

ಎಲ್ಲರೂ ಹೋದ ಮೇಲೆ ತೊಮಾಸಾ ಲಂಗ ಎತ್ತಿ ಕಟ್ಟಿ ತೊಟ್ಟಿಯ ಕೆಲಸಕ್ಕೆ ನಿಂತಳು. ತಳದಲ್ಲಿ ಉಳಿದಿದ್ದ ನೀರನ್ನು ಎರಡು ನೀಲಿ ಡ್ರಮ್ಮಿಗೆ ತುಂಬಿಟ್ಟಳು. ಮಗಳು ವಿದ್ಯಾರ್ಥಿಗಳಿಗೆಂದು ಬರೆದ ಪುಸ್ತಕದಲ್ಲಿ ಹೇಳಿದ ಹಾಗೆ ಬ್ಲೀಚು, ಸೋಪಿನ ಪುಡಿ ಕಲಸಿ ಗೋಡೆಗೆ ಬಳಿದು, ಸ್ವಲ್ಪ ಹೊತ್ತು ಬಿಟ್ಟು, ತಿಕ್ಕಿ ತೊಳೆದಳು. ಆಮೇಲೆ ಡ್ರಮ್ಮಿನ ನೀರನ್ನು ಮತ್ತೆ ತೊಟ್ಟಿಗೆ ಹುಯ್ದಳು. ನಲ್ಲಿಯಲ್ಲಿ ನೀರು ಬರುವುದು ವಾರಕ್ಕೊಮ್ಮೆ, ಮಂಗಳವಾರ, ಅದೂ ಬಂದರೆ ಬಂತು. ಪ್ರತಿ ಸೋಮವಾರ ಅವಳು ಮಾಡುತ್ತಿದ್ದುದು ಇದನ್ನೇ.

ಆ ವಾರವಿಡೀ ಮನೆಯಲ್ಲಿ ಇದೇ ಮಾತು. ಮೊಮ್ಮಗಳು ಯೊಲಾನಿ ಅದೇ ಕಾಲೇಜಿನಲ್ಲಿ ಓದುತ್ತಿದ್ದಳು. ಮುಂದಿನ ತಂಡದಲ್ಲಿ ಗುಡ್ಡ ಹತ್ತುವ ಸರದಿ ಅವಳದು. ಆದರೆ ಅವಳ ಕಣ್ಣು ಇದ್ದದ್ದು ಆಪರೇಷನ್ ಥಿಯೇಟರಿನ ಮೇಲೆ.

"ಆರು ವಾರ ಹೋದ್ರೆ ಹೋಗ್ಲಿ ಬಿಡಮ್ಮ," ಎಂದಳು ಒಂದು ಸಂಜೆ, ಬಾಳೆಕಾಯಿ ಹುರಿದದ್ದನ್ನು ತಟ್ಟೆಗೆ ಹಾಕಿಕೊಳ್ಳುತ್ತ. "ನಮ್ಮ ಕ್ಲಾಸಲ್ಲಿ ನಿನ್ನ ವಿಷಯಕ್ಕೆ ಏನಂತಾರೆ ಗೊತ್ತಾ? ಬಟ್ಟೆ ಒಗೆಯೋ ಶಾಸ್ತ್ರ."

"ಯಾರು ಅಂದದ್ದು?" ತೊಮಾಸಾ ಸೌಟು ಕೆಳಗಿಟ್ಟಳು. "ಒಗೆಯೋದ್ರಲ್ಲಿ ಏನು ಕಡಿಮೆ ಇದೆಯಂತೆ?"

"ಅಜ್ಜಿ, ದಿನಾ ಬೆಳಿಗ್ಗೆ ನೀನೇ ಅಂತೀಯಲ್ಲ."

"ನಾನು ಅನ್ನಬಹುದು. ನಾನು ಒಗೆದಿದೀನಿ."

ಮಿರೇಯಾ ಆ ವಾರದಲ್ಲಿ ಮೊದಲ ಸಲ ನಕ್ಕಳು. ಮೇಜಿನ ತುಂಬ ವಿದ್ಯಾರ್ಥಿಗಳು ತುಂಬಿ ತಂದಿದ್ದ ಫಾರಂಗಳು ಹರಡಿದ್ದವು. ತೊಮಾಸಾ ಕನ್ನಡಕ ಹಾಕಿಕೊಂಡು ಒಂದನ್ನು ಎತ್ತಿಕೊಂಡಳು.

"ತೊಟ್ಟಿ ತೊಳೆಯುವವರು ಯಾರು? ತಾಯಿ. ವಾರಕ್ಕೊಮ್ಮೆ ತೊಳೆಯುತ್ತಾರೆಯೇ? ಹೌದು. ಉದ್ಯೋಗ? ಏನಿಲ್ಲ." ಇನ್ನೊಂದನ್ನು ತೆಗೆದಳು. "ಅಜ್ಜಿ. ಹೌದು. ಏನಿಲ್ಲ." ಮತ್ತೊಂದು. "ಏನಿಲ್ಲ. ಇದೇನೇ ಇದು, ಇಷ್ಟು ಜನ ಹೆಂಗಸರಲ್ಲಿ ಒಬ್ಬಳಿಗೂ ಉದ್ಯೋಗ ಇಲ್ವಾ? ನನ್ನನ್ನ ಕೇಳಿದ್ರೂ ಹೀಗೇ ಬರೀತಿದ್ರಾ?"

"ಅವರು ಹೇಳಿದ್ದನ್ನ ಹುಡುಗರು ಬರೀತಾರಮ್ಮ."

"ಹಾಗಾದ್ರೆ ಹೇಳೋಕೆ ಬರದ ಹಾಗೆ ಕೇಳ್ತಾರೆ," ಎಂದು ತೊಮಾಸಾ ಫಾರಂ ಎಸೆದಳು.

ಎರಡನೇ ವಾರ ಎದುರುಮನೆಯ ರೊಸಿಬೆಲ್ ಬಾಗಿಲಿಗೆ ಕೆಂಪು ಗೀರು ಬಿತ್ತು. ರೊಸಿಬೆಲ್ ಕಿಟಕಿಯಲ್ಲೇ ಅಂಗಡಿ ಇಟ್ಟವಳು, ಬಾಗಿಲ ಮೇಲೆ ಗೀರು ಬಿದ್ದರೆ ಬೀದಿಗೆಲ್ಲ ಕಾಣುತ್ತದೆ. ತೊಮಾಸಾ ಮೊಟ್ಟೆ ತರಲು ಹೋದಾಗ ಅವಳು ಮೊಟ್ಟೆ ಕೊಡುವ ಮೊದಲು, ಹಿರಿಯ ಹೆಂಗಸರನ್ನು ಕರೆಯುವಂತೆ ದೋನ್ಯಾ ಎಂದು ಕರೆದು ಮಾತು ತೆಗೆದಳು.

"ದೋನ್ಯಾ ತೊಮಾಸಾ, ನಾನೂ ವಾರ ವಾರ ತಿಕ್ತೀನಿ, ನೀವೂ ತಿಕ್ತೀರ. ನನ್ನ ಬಾಗಿಲಿಗೆ ಕೆಂಪು. ನಿಮ್ಮ ಬಾಗಿಲಿಗೆ ಯಾವತ್ತಾದ್ರೂ ಯಾರಾದ್ರೂ ಟಾರ್ಚ್ ತಂದಿದಾರಾ?"

"ನಮ್ಮದು ಡಾಕ್ಟರ ಮನೆ."

"ಅದೇ ಹೇಳ್ತಿರೋದು. ಸೊಳ್ಳೆಗೆ ಅದು ಗೊತ್ತಿದ್ಯಾ?"

ತೊಮಾಸಾ ಮೊಟ್ಟೆ ತೆಗೆದುಕೊಂಡು ಮನೆಗೆ ಬಂದಳು. ಪ್ರೊಫೆಸರ ಮನೆಯ ತೊಟ್ಟಿಗೆ ಬಗ್ಗಿ ನೋಡುವ ಧೈರ್ಯ ಮೂವತ್ತೊಂದು ವರ್ಷದಲ್ಲಿ ಯಾವ ವಿದ್ಯಾರ್ಥಿಗೂ ಬಂದಿರಲಿಲ್ಲ.

ಆ ಶನಿವಾರ ಯೊಲಾನಿಗೆ ಜ್ವರ ಬಂತು. ಕಣ್ಣಿನ ಹಿಂದೆ ನೋವು, ಮೈಯೆಲ್ಲ ಮುರಿದ ಹಾಗೆ. ಸೋಮವಾರ ರಕ್ತ ಪರೀಕ್ಷೆಯಲ್ಲಿ ಡೆಂಗಿ ಎಂದು ಗೊತ್ತಾಯಿತು, ಆಸ್ಪತ್ರೆಗೆ ಸೇರಿಸಿ ಬಾಟಲಿ ಏರಿಸಿದರು. ಮಗಳನ್ನು ಮಲಗಿಸಿ ಮನೆಗೆ ಬಂದ ಮಿರೇಯಾ ಚೀಲವನ್ನೂ ಕೆಳಗಿಡದೆ ನೇರವಾಗಿ ಅಂಗಳಕ್ಕೆ ಹೋದಳು. ಟಾರ್ಚ್ ಹಾಕಿ ತೊಟ್ಟಿಯೊಳಗೆ ನೋಡಿದಳು. ಎಷ್ಟೋ ಹೊತ್ತು ನೋಡಿದಳು.

"ಅಮ್ಮ, ಬಾ ಇಲ್ಲಿ."

ತೊಮಾಸಾ ಬಗ್ಗಿ ನೋಡಿದಳು. ನೀರಿನಲ್ಲಿ ಸಣ್ಣ ಸಣ್ಣ ಮರಿಗಳು ಬಳುಕುತ್ತ ಮೇಲೆ ಕೆಳಗೆ ಹೋಗುತ್ತಿದ್ದವು.

"ಬೆಳಿಗ್ಗೆ ತಾನೇ ತಿಕ್ಕಿದೀನಿ ಕಣೇ. ನೀನು ಬರೆದ ಹಾಗೇ ತಿಕ್ಕಿದೀನಿ."

"ಹಳೇ ನೀರು ಏನು ಮಾಡಿದೆ?"

ತೊಮಾಸಾ ಡ್ರಮ್ಮುಗಳ ಕಡೆ ನೋಡಿದಳು. ಮಿರೇಯಾ ಕೂಡ ನೋಡಿದಳು.

"ಪುಸ್ತಕದಲ್ಲಿ ಚೆಲ್ಲಬೇಕು ಅಂತ ಬರೆದಿದೀನಲ್ಲಮ್ಮ."

"ಬರೆದಿದೀಯ. ಬರೆಯೋವಾಗ ನಿನ್ನ ಪಕ್ಕ ಕಾಲೇಜಿನ ನಲ್ಲಿ ಇತ್ತು. ಮಂಗಳವಾರ ನೀರು ಬರದೇ ಹೋದ್ರೆ ಇಲ್ಲಿ ಕುಡಿಯೋದೇನು? ಮೂವತ್ತು ವರ್ಷದಿಂದ ತೆಗೆದಿಟ್ಟು ವಾಪಸ್ ಹುಯ್ತಿದೀನಿ. ರೊಸಿಬೆಲ್ ಹಾಗೇ ಮಾಡ್ತಾಳೆ, ಅವಳ ಅತ್ತೆ ಹಾಗೇ ಮಾಡ್ತಿದ್ಳು. ಈ ಗುಡ್ಡದಲ್ಲಿ ನೀರು ಚೆಲ್ಲೋ ಹೆಂಗಸು ಒಬ್ಬಳನ್ನ ತೋರಿಸು."

"ನನಗೆ ಯಾಕೆ ಹೇಳಲಿಲ್ಲ?"

"ನೀನು ಯಾವತ್ತು ಕೇಳಿದೆ?"

ಮಿರೇಯಾ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟಳು. ತೊಮಾಸಾಗೆ ಮಗಳ ಮುಖ ನೋಡಲಾಗಲಿಲ್ಲ. ಮೊಮ್ಮಗಳು ಮಲಗಿದ್ದು ತನ್ನಿಂದ, ಇನ್ನು ಗುರುವಾರ ಮಗಳು ಸೋಲುವುದೂ ತನ್ನಿಂದಲೇ ಎಂದು ಅವಳಿಗೆ ಅಳು ಬಂತು. ಅಳುವ ಬದಲು ಬಕೆಟ್ ಎತ್ತಿಕೊಂಡಳು.

"ಚೆಲ್ಲಿಬಿಡ್ತೀನಿ. ಪೂರ್ತಿ ಚೆಲ್ಲಿಬಿಡ್ತೀನಿ. ಯಾರಿಗೂ ಗೊತ್ತಾಗಲ್ಲ."

"ಒಂದು ಹನಿ ಚೆಲ್ಲಬೇಡ," ಎಂದಳು ಮಿರೇಯಾ. ಎದ್ದು ಚೀಲದಿಂದ ಕೆಂಪು ಸೀಮೆಸುಣ್ಣ ತೆಗೆದು ಬೀದಿಬಾಗಿಲಿಗೆ ಹೋದಳು. ಬೀದಿಗೆಲ್ಲ ಕಾಣುವ ಹಾಗೆ ಒಂದು ಮೊಳದುದ್ದ ಗೀರು ಎಳೆದಳು. ಎದುರಿಗೆ ರೊಸಿಬೆಲ್ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದ್ದಳು.

"ನಿಮ್ಮನೇಗೂನಾ ಡಾಕ್ಟ್ರೇ?"

"ನಮ್ಮನೇಗೂ. ನಿಮ್ಮನೇದಕ್ಕಿಂತ ಜಾಸ್ತಿ ಮರಿ ಇದಾವೆ. ಬಂದು ನೋಡಿ."

ರೊಸಿಬೆಲ್ ಬಂದು ನೋಡಿದಳು. ಸಂಜೆಯೊಳಗೆ ಇನ್ನೂ ಎಂಟು ಮನೆಯವರು ಬಂದು ನೋಡಿದರು. ಮಿರೇಯಾ ಎಲ್ಲರನ್ನೂ ಒಂದೇ ಪ್ರಶ್ನೆ ಕೇಳಿದಳು: ತೊಟ್ಟಿ ತಿಕ್ಕುವಾಗ ಹಳೆಯ ನೀರು ಎಲ್ಲಿಗೆ ಹೋಗುತ್ತದೆ? ಒಂಬತ್ತು ಮನೆಗಳಲ್ಲಿ ಒಂಬತ್ತರದ್ದೂ ಡ್ರಮ್ಮಿಗೆ ಹೋಗಿ ಅಲ್ಲಿಂದ ವಾಪಸ್ ತೊಟ್ಟಿಗೇ ಬರುತ್ತಿತ್ತು.

ಮರುದಿನ ಆಸ್ಪತ್ರೆಯಲ್ಲಿ ಯೊಲಾನಿ ದಿಂಬಿಗೆ ಒರಗಿ ಗಂಜಿ ಕುಡಿಯುತ್ತಿದ್ದಳು. ಜ್ವರ ಇಳಿದಿತ್ತು, ಮಾತು ಏರಿತ್ತು.

"ಬಾಗಿಲಿಗೆ ಗೀರು ಎಳೆದಿದೀಯಂತೆ. ಕ್ಲಾಸಿಗೆಲ್ಲ ಗೊತ್ತಾಗಿದೆ. ವಾರ್ಡಲ್ಲಿ ಕಚ್ಚಿದೆ ಅಂತ ಹೇಳಿದ್ರೆ ಮುಗೀತಿತ್ತಲ್ಲಮ್ಮ."

"ಎಲ್ಲಿ ಕಚ್ತೋ ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ತೊಟ್ಟೀಲಿ ಮರಿ ಇರೋದು ಮಾತ್ರ ಗೊತ್ತು. ಗೊತ್ತಿರೋದನ್ನ ಬರೆದೆ."

"ಗುರುವಾರ ಅವರು ನಿನ್ನ ತಿಂದು ಹಾಕ್ತಾರೆ."

"ತಿನ್ನಲಿ. ಮೂಳೆ ಇದೆ, ಹುಷಾರಾಗಿ ತಿನ್ನಬೇಕು."

ಮಂಗಳವಾರ ಸಂಜೆ ಡೀನ್ ಲಾಗೋಸ್ ಯೊಲಾನಿಯನ್ನು ವಿಚಾರಿಸುವ ನೆಪದಲ್ಲಿ ಅನಾನಸ್ ಹಿಡಿದುಕೊಂಡು ಮನೆಗೇ ಬಂದ. ಬಾಗಿಲ ಮುಂದೆ ನಿಂತು ಗೀರನ್ನು ಕೆಳಗಿನಿಂದ ಮೇಲಿನವರೆಗೆ ಓದಿದ. ತೊಮಾಸಾ ಅವನಿಗೆ ಕಾಫಿ ಕೊಟ್ಟಳು. ಅನಾನಸ್ ತಂದವನಿಗೆ ಕಾಫಿ ಕೊಡದಿರುವಷ್ಟು ಕೆಟ್ಟವಳಲ್ಲ ಅವಳು.

"ಮೇಡಂ, ನಿಮ್ಮ ಮೇಲೆ ನನಗೆ ಗೌರವ ಇದೆ," ಎಂದ ಲಾಗೋಸ್. "ವಾರ್ಡುಗಳಲ್ಲಿ ಕೈ ಸಾಲ್ತಿಲ್ಲ. ನನಗೆ ಆ ಹುಡುಗರು ಅಲ್ಲಿ ಬೇಕು. ಆ ಗೀರು ಒರೆಸಿಬಿಡಿ. ಮೂವತ್ತೊಂದು ವರ್ಷ ಪಾಠ ಮಾಡಿದವರ ಮನೇಲೇ ಮರಿ ಇದೆ ಅಂದ್ರೆ, ಆ ಪಾಠದಿಂದ ಏನೂ ಆಗಲಿಲ್ಲ ಅಂತ ಜನ ಅಂದ್ಕೋತಾರೆ."

"ಸರಿಯಾಗೇ ಅಂದ್ಕೋತಾರೆ. ನನ್ನ ಪುಸ್ತಕದ ಏಳನೇ ಪುಟ ತಪ್ಪು. ನೀರು ಚೆಲ್ಲಿ ಅಂತ ಬರೆದೆ, ಯಾರೂ ಚೆಲ್ಲಲ್ಲ. ನೀನೂ ಅದೇ ಪುಟ ಓದಿ ಪಾಸಾದವನು."

"ಹಾಗಾದ್ರೆ ಪುಟ ತಿದ್ದಿ. ಎರಡು ಪಾಠದಲ್ಲಿ ಹೇಳಿ ಮುಗಿಸೋಣ."

"ತಪ್ಪು ಅಂತ ನನಗೆ ಗೊತ್ತಾಗಿದ್ದು ಚಿತ್ರ ನೋಡಿಯಾ ಎರ್ನಾನ್? ತೊಟ್ಟಿಗೆ ಬಗ್ಗಿ ನೋಡಿದ್ದಕ್ಕೆ ಗೊತ್ತಾಯ್ತು. ಇನ್ನೊಂದು ಪುಟ ಎಲ್ಲಿ ತಪ್ಪಿದೆಯೋ, ಅದನ್ನ ಕಂಡುಹಿಡಿಯೋಕೆ ಯಾರನ್ನ ಕಳಿಸ್ತೀಯ?"

ಲಾಗೋಸ್ ಕಾಫಿ ಮುಗಿಸಿ ಎದ್ದ. ಬಾಗಿಲ ಹತ್ತಿರ ತೊಮಾಸಾ ಕಡೆ ತಿರುಗಿ, "ದೋನ್ಯಾ, ನೀವಾದ್ರೂ ಒಂದು ಮಾತು ಹೇಳಿ," ಎಂದ.

ಮೂವತ್ತೊಂದು ವರ್ಷದಿಂದ ತೊಮಾಸಾ ಹೇಳುತ್ತ ಬಂದಿದ್ದ ಮಾತು ಅವನು ಹೇಳುತ್ತಿದ್ದುದೇ. ಬಿಟ್ಟುಬಿಡು, ಸಾಕು, ಮರ್ಯಾದೆಯಾಗಿ ಬದುಕು. ಆದರೆ ಅದೇ ಮಾತು ಬೇರೆಯವರ ಬಾಯಲ್ಲಿ, ತನ್ನ ಅಂಗಳದಲ್ಲಿ ನಿಂತು ಕೇಳುವಾಗ ಅವಳಿಗೆ ಮೈ ಉರಿಯಿತು.

"ಹೇಳ್ತೀನಿ. ನಾಳೆ ಇವಳ ಹುಡುಗರನ್ನೆಲ್ಲ ಇಲ್ಲಿಗೆ ಕಳಿಸಿ. ತೊಟ್ಟಿ ತಿಕ್ಕೋದು ಹೇಗೆ ಅಂತ ಹೇಳಿಕೊಡ್ತೀನಿ. ನೀವೂ ಬನ್ನಿ, ನಿಮಗೂ ಬರಲ್ಲ ಅಂತ ಕಾಣತ್ತೆ."

ಬುಧವಾರ ಮಧ್ಯಾಹ್ನ ನಲವತ್ತಮೂರು ವಿದ್ಯಾರ್ಥಿಗಳು ಬಿಳಿ ಕೋಟಿನಲ್ಲಿ ಬಂದು ಅಂಗಳ, ಮೆಟ್ಟಿಲು, ರೊಸಿಬೆಲ್ ಅಂಗಡಿ ಕಟ್ಟೆಯವರೆಗೂ ತುಂಬಿಕೊಂಡರು. ಡೀನ್ ಬರಲಿಲ್ಲ. ತೊಮಾಸಾ ಎರಡು ದಿನ ಯೋಚಿಸಿದ್ದಳು. ಹಿಂದೆ ದೊಡ್ಡ ಮನೆಯವರ ರೇಷ್ಮೆ ಒಗೆಯುವಾಗ ಮಳೆನೀರನ್ನು ಬಟ್ಟೆಯಲ್ಲಿ ಸೋಸುತ್ತಿದ್ದುದು ನೆನಪಾಗಿತ್ತು. ಹಳೆಯ ಹಾಸಿಗೆ ಹೊದಿಕೆಯನ್ನು ನಾಲ್ಕು ಮಡಿಕೆ ಮಾಡಿ ಡ್ರಮ್ಮಿನ ಬಾಯಿಗೆ ಕಟ್ಟಿಸಿದಳು.

"ಕೋಟು ಬಿಚ್ಚಿ. ತೋಳು ಮೇಲೆ ಮಾಡಿ. ನೀನು, ಉದ್ದ ಇರೋನು, ನೀರು ಎತ್ತು. ಬಟ್ಟೆ ಮೇಲೆ ಹುಯ್ಯಿ, ನಿಧಾನ. ಸುರಿಯೋದಲ್ಲ, ಸೋಸೋದು."

ನೀರು ಕೆಳಗಿಳಿಯಿತು, ಬಟ್ಟೆಯ ಮೇಲೆ ಮರಿಗಳು ಉಳಿದವು. ತೊಮಾಸಾ ಬಟ್ಟೆಯನ್ನು ಬಿಸಿಲಿಗೆ ಕಲ್ಲಿನ ಮೇಲೆ ಹರವಿದಳು. ಎಲ್ಲರೂ ಬಗ್ಗಿ ನೋಡಿದರು. ಮಿರೇಯಾ ಒಂದು ಮೂಲೆಯಲ್ಲಿ ನಿಂತು ಏಳನೇ ಪುಟದ ಅಂಚಿನಲ್ಲಿ ಬರೆದುಕೊಳ್ಳುತ್ತಿದ್ದಳು.

"ಇಲ್ಲಿ, ನೀರು ನಿಲ್ಲೋ ಗೆರೆಗಿಂತ ಒಂದು ಗೇಣು ಮೇಲೆ ತನಕ ತಿಕ್ಕಿ. ಮೊಟ್ಟೆ ಅಲ್ಲೇ ಅಂಟಿರತ್ತೆ. ಇದನ್ನ ನನ್ನ ಮಗಳು ಬರೆದಿದಾಳೆ, ಸರಿಯಾಗೇ ಬರೆದಿದಾಳೆ," ಎಂದಳು ತೊಮಾಸಾ, ಮಗಳ ಕಡೆ ನೋಡದೆ. "ಹೆಣ್ಣಮಕ್ಕಳಷ್ಟೇ ತಿಕ್ಕೋದಲ್ಲ. ಉದ್ದ ಇರೋನೇ, ನೀನೂ ಇಳಿ."

ಗುರುವಾರ ಕೌನ್ಸಿಲ್ ಸೇರಿತು. ಮಿರೇಯಾ ತಿದ್ದಿದ ಪುಟವನ್ನೂ ಸೋಸಿದ ಬಟ್ಟೆಯನ್ನೂ ತೆಗೆದುಕೊಂಡು ಹೋಗಿ ಎರಡನ್ನೂ ಮೇಜಿನ ಮೇಲೆ ಹರಡಿದಳು. ಅವಳ ಕಡೆ ಆರು ಮತ, ಎದುರಿಗೆ ಏಳು. ಒಂದು ಮತದಿಂದ ಸೋತಳು.

ಮನೆಗೆ ಬಂದು ಕೈ ತೊಳೆದು ಊಟಕ್ಕೆ ಕೂತಳು. ಒಂದಾದ ಮೇಲೊಂದು ನಾಲ್ಕು ರೊಟ್ಟಿ ತಿಂದಳು, ಕಾಳು ಎರಡು ಸಲ ಹಾಕಿಸಿಕೊಂಡಳು. ತುಲಿಯೊ ತನ್ನ ಪಾಲಿನದ್ದೂ ಹೋಗುತ್ತದೆಂದು ಹೆದರಿ ತಟ್ಟೆಯನ್ನು ಹತ್ತಿರ ಇಟ್ಟುಕೊಂಡ.

"ಸೋತೋರು ಯಾರಾದ್ರೂ ಹೀಗೆ ತಿಂತಾರಾ?" ಎಂದಳು ತೊಮಾಸಾ.

"ಸೋತಿದ್ದು ಸೋಮವಾರದಿಂದ ಶುಕ್ರವಾರದ ತನಕ. ಶನಿವಾರ ಯಾರ ಕೌನ್ಸಿಲ್ಲಿಗೂ ಸೇರಿದ್ದಲ್ಲ. ಹಾಜರಿ ಇಲ್ಲ, ಅಂಕ ಇಲ್ಲ, ಬರೋರು ಬರಬಹುದು ಅಂತ ಬೋರ್ಡಿಗೆ ಬರೆದು ಬಂದಿದೀನಿ."

"ಯಾರೂ ಬರದೇ ಹೋದ್ರೆ?"

"ನಾನು ಹೋಗ್ತೀನಿ. ನೀನು ಬರ್ತೀಯ."

"ನನಗೆ ಎಂಬತ್ತೊಂದು."

"ಹತ್ತೋದಿಲ್ಲದ ಕೆಳಗಿನ ಮನೆಗಳು ನಿನಗೆ."

ತೊಮಾಸಾ ಹಿತ್ತಾಳೆ ಹಲಗೆಯ ಮಾತು ಎತ್ತಲಿಲ್ಲ. ಐದನೇ ರೊಟ್ಟಿ ಬಡಿಸಿದಳು.

ಮೊದಲ ಶನಿವಾರ ಹತ್ತೊಂಬತ್ತು ಜನ ಬಂದರು. ಉದ್ದ ಇರುವವನು ಒಂದು ಹಳೆಯ ಹೊದಿಕೆಯನ್ನು ಮನೆಯಿಂದಲೇ ತಂದಿದ್ದ. ಎಲ್ಲರಿಗಿಂತ ಹಿಂದೆ, ಇನ್ನೂ ಮುಖ ಬಿಳುಚಿಕೊಂಡೇ ಇದ್ದ ಯೊಲಾನಿ ಕೋಟು ಹಾಕಿಕೊಂಡು ನಿಂತಿದ್ದಳು.

"ನಿನಗೆ ಆಪರೇಷನ್ ಥಿಯೇಟರ್ ಇಲ್ವಾ ಇವತ್ತು?" ಎಂದಳು ಮಿರೇಯಾ.

"ಮೂರು ದಿನ ಬಾಟಲಿ ಏರಿಸಿಕೊಂಡು ಮಲಗಿದೀನಿ. ಇನ್ನು ಯಾರಾದ್ರೂ ಒಗೆಯೋ ಶಾಸ್ತ್ರ ಅಂದ್ರೆ ಅವರ ಕೋಟು ಒಗೀತೀನಿ, ಅವರನ್ನ ಒಳಗಿಟ್ಟು. ಫಾರಂ ಕೊಡು. ಯಾವ ಮನೆ?"

"ಕೆಂಪು ಗೀರಿನ ಮನೆಗೆ ಎರಡು ವಾರದೊಳಗೆ ಮತ್ತೆ ಹೋಗಬೇಕು. ಇಲ್ಲಿಂದಲೇ ಶುರು ಮಾಡು."

ಯೊಲಾನಿ ತನ್ನದೇ ಮನೆಯ ಬಾಗಿಲು ತಟ್ಟಿದಳು. ತೊಮಾಸಾ ಬಾಗಿಲು ತೆರೆದು, ಗುರುತೇ ಇಲ್ಲದವಳ ಹಾಗೆ ಒಳಗೆ ಕರೆದು ಕುರ್ಚಿ ಹಾಕಿದಳು. ಮೊಮ್ಮಗಳು ತೊಟ್ಟಿಯ ನಾಲ್ಕು ಮೂಲೆಗೂ ಟಾರ್ಚ್ ಹಾಕಿ ನೋಡಿದಳು, ಡ್ರಮ್ಮಿನ ಬಟ್ಟೆ ಎತ್ತಿ ನೋಡಿದಳು. ಮರಿ ಇರಲಿಲ್ಲ. ಆಮೇಲೆ ಹೊಸಿಲಲ್ಲಿ ಕೂತು ಫಾರಂ ತೆಗೆದಳು. ಬೀದಿಯ ಆಚೆ ರೊಸಿಬೆಲ್ ಕಿಟಕಿಗೆ ಬಂದು ನಿಂತಳು.

"ತೊಟ್ಟಿ ತೊಳೆಯುವವರು ಯಾರು?"

"ಗೊತ್ತಿಲ್ವಾ ನಿನಗೆ?"

"ಅಜ್ಜಿ, ಕೇಳಿದ್ದಕ್ಕೆ ಉತ್ತರ."

"ತೊಮಾಸಾ ಪಗುವಾದಾ."

"ಹಳೆಯ ನೀರು ಎಲ್ಲಿಗೆ ಹೋಗುತ್ತದೆ?" ಅದು ಹೊಸ ಪ್ರಶ್ನೆ, ಮಿರೇಯಾ ಕೈಯಲ್ಲೇ ಬರೆದು ಸೇರಿಸಿದ್ದಳು.

"ಬಟ್ಟೇಲಿ ಸೋಸಿ ಡ್ರಮ್ಮಿಗೆ. ಅಲ್ಲಿಂದ ವಾಪಸ್ ತೊಟ್ಟಿಗೆ. ಚೆಲ್ಲೋದಿಲ್ಲ."

"ಉದ್ಯೋಗ?"

ತೊಮಾಸಾ ಕನ್ನಡಕ ತೆಗೆದು ಲಂಗದ ಅಂಚಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು. ಬೀದಿಯ ಆಚೆ ಕಿಟಕಿಗೂ ಕೇಳಬೇಕೆಂದು ದನಿ ಏರಿಸಿದಳು.

"ಬರ್ಕೋ. ವೈದ್ಯಕೀಯ ಕಾಲೇಜಿನವರಿಗೆ ಪಾಠ ಹೇಳ್ತೀನಿ."

ಯೊಲಾನಿ ಒಂದಕ್ಷರವೂ ಬಿಡದೆ ಹಾಗೆಯೇ ಬರೆದಳು.